ಮೊದಲು ಮೇಲೆ ನೋಡಿ, ಆಮೇಲೆ ಜೋಲಿ ಕಟ್ಟಿ

"ನಿಮ್ಮ ತೂಕ ಎಷ್ಟು?"

ಅಲ್ಲರೀ, ಒಬ್ಬ ಹೆಣ್ಣುಮಗಳನ್ನು ಮೊದಲ ಸಲ ನೋಡಿದ ಗಂಡಸು ಬಾಯಿಬಿಟ್ಟು ಕೇಳುವ ಮಾತೇ ಇದು? ಅದೂ ಶನಿವಾರ ಬೆಳಿಗ್ಗೆ, ಅಂಗಡಿ ತುಂಬ ಜನ ಇರುವಾಗ!

ಬ್ರಿಯೊನಿಯ ಕಿವಿಗಳು ಕೆಂಪಾದವು. ರೇನ್‌ಕೋಟು ನೋಡುತ್ತಿದ್ದ ಇಬ್ಬರು ತಿರುಗಿ ನೋಡಿದರು.

'ಎತ್ತರ ಇದೀನಿ, ದಪ್ಪ ಇದೀನಿ... ಗೊತ್ತು. ಇವನು ಡಂಗುರ ಸಾರಬೇಕಿತ್ತಾ?'

"ಎಪ್ಪತ್ತು!" ಅಂದಳು ಗಲ್ಲ ಎತ್ತಿ.

ಸುಳ್ಳು. ಹಸಿ ಹಸಿ ಸುಳ್ಳು. ರೀಸ್‌ಗೂ ಅದು ಗೊತ್ತಾಯಿತು. ಡೆಲೊರೇನ್ ಊರಿನ ಆ ಕ್ಯಾಂಪಿಂಗ್ ಅಂಗಡಿಯಲ್ಲಿ ಅವನು ಎರಡು ವರ್ಷದಿಂದ ಕೆಲಸಕ್ಕಿದ್ದ. ತೂಕ ಕೇಳಿದ ಕೂಡಲೇ ಅರ್ಧ ಗಿರಾಕಿಗಳು ಸುಳ್ಳು ಹೇಳುತ್ತಾರೆಂದು ಅವನಿಗೆ ಅನುಭವವಿತ್ತು.

"ನೋಡಿ, ನೀವು ಕೈಯಲ್ಲಿ ಹಿಡಿದಿರೋ ಜೋಲಿ ತೆಳು ಬಟ್ಟೇದು. ಮರಕ್ಕೆ ಕಟ್ಟಿ ಮಲಗಿದ್ರೆ ಎಂಬತ್ತು ಕಿಲೋ ಮೇಲೆ ತಡೆಯಲ್ಲ. ನಿಮ್ಮ ಎತ್ತರಕ್ಕೂ ಗಿಡ್ಡ ಆಗುತ್ತೆ. ಬಣ್ಣ ಚೆನ್ನಾಗಿದೆ ಅಷ್ಟೆ. ಆ ಮೂಲೇಲಿ ಬೂದು ಬಣ್ಣದ್ದು ಇದೆಯಲ್ಲಾ, ಐವತ್ತೇ ಡಾಲರ್. ನೂರ ಎಂಬತ್ತು ಕಿಲೋ ತಡೆಯುತ್ತೆ, ಇಬ್ಬರು ಕೂತರೂ ಏನೂ ಆಗಲ್ಲ. ಉಳಿದ ದುಡ್ಡಲ್ಲಿ ಮರಕ್ಕೆ ಸುತ್ತೋ ಅಗಲದ ಪಟ್ಟಿ ತಗೊಳ್ಳಿ, ಚಳಿ ತಡೆಯೋಕೆ ಜೋಲಿ ಕೆಳಗೆ ಕಟ್ಟೋ ಕೌದಿಗೆ ಸ್ವಲ್ಪ..."

ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು. ಇಬ್ಬರು ಕೂತರೂ. ಐವತ್ತೇ ಡಾಲರ್.

"ನಾನು ಇಬ್ಬರ ಥರ ಕಾಣ್ತೀನಾ? ಇಲ್ಲಾ ಭಿಕ್ಷೆ ಬೇಡೋಳ ಥರ ಕಾಣ್ತೀನಾ?"

"ಅಯ್ಯೋ, ಹಾಗಲ್ಲ ನಾನು ಹೇಳಿದ್ದು..."

"ಇದನ್ನೇ ಕಟ್ಟಿಕೊಡಿ!"

ಕೈಯಲ್ಲಿದ್ದದ್ದು ನೂರೈವತ್ತು. ನೀಲಿ ಜೋಲಿಗೆ ನೂರ ನಲವತ್ತು ಹೋಯಿತು. ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದ ಒಡತಿ ನೊರೀನ್ ಅಜ್ಜಿ ಮಾತ್ರ ನಗು ತಡೆಯಲಾರದೆ ಕೆಮ್ಮಿದಂತೆ ಮಾಡಿದಳು.

ಬಾಗಿಲು ದಾಟುವಾಗ ರೀಸ್ ಹಿಂದಿನಿಂದ ಕೂಗಿದ.

"ಎಲ್ಲಿ ಕಟ್ಟಿದರೂ ಮೊದಲು ಮೇಲೆ ನೋಡಿ!"

'ದೇವರನ್ನ ನೋಡಬೇಕಾ? ಹುಚ್ಚ!' ಎಂದುಕೊಂಡು ಅವಳು ಬಾಗಿಲು ದಡಾರನೆ ಎಳೆದಳು.

ಕೋಪ ಅವಳಿಗೆ ಮೂಗಿನ ತುದಿಯಲ್ಲೇ, ಒಪ್ಪೋಣ. ಆದರೆ ಆ ಕೋಪದ ಅಡಿಯಲ್ಲಿ ಭಯವಿತ್ತು.

ಎಂಟು ವರ್ಷ ಬೇಕರಿಯಲ್ಲಿ ಮೈದಾ ಮೂಟೆ ಎತ್ತಿ ಎತ್ತಿ ಬ್ರಿಯೊನಿಯ ಸೊಂಟ ಹೋಗಿತ್ತು. ಕಾಡಿನಲ್ಲಿ ಜನರನ್ನು ನಡೆಸಿಕೊಂಡು ಹೋಗುವ ಗೈಡ್ ಆಗಬೇಕೆಂಬುದು ಅವಳ ಒಂದೇ ಆಸೆ. ಅದಕ್ಕೆ ನಾಲ್ಕು ದಿನದ ಪರೀಕ್ಷಾ ನಡಿಗೆ ಮುಗಿಸಬೇಕು, ಮೂರು ರಾತ್ರಿ ಹೊರಗೆ ಮಲಗಬೇಕು. ಹೋದ ವರ್ಷ ಟೆಂಟಿನಲ್ಲಿ, ನೆಲದ ಮೇಲೆ ಮಲಗಿ ಎರಡನೇ ಬೆಳಿಗ್ಗೆ ಏಳಲಾಗದೆ ಅತ್ತಿದ್ದಳು. ವಾಪಸ್ ಕಳಿಸಿದ್ದರು. ನೆಲ ಬೇಡ, ಜೋಲಿ ನೋಡು ಎಂದು ಡಾಕ್ಟರು ಹೇಳಿದ್ದರು. ಈ ಸಲವೂ ಕೈಕೊಟ್ಟರೆ ಮುಗಿಯಿತು, ಮೂರನೇ ಅವಕಾಶ ಕೊಡುವುದಿಲ್ಲ. ನಡಿಗೆಗೆ ಇನ್ನು ಹದಿನೈದೇ ದಿನ.

ಮರುದಿನವೇ ಹೊಳೆ ದಂಡೆಯಲ್ಲಿ ಎರಡು ದೊಡ್ಡ ನೀಲಗಿರಿ ಮರ ಹುಡುಕಿ, ಮನೆಯಲ್ಲಿದ್ದ ಹಗ್ಗದಿಂದ ಜೋಲಿಯನ್ನು ಬಟ್ಟೆ ಒಣಹಾಕುವ ತಂತಿಯಂತೆ ಬಿಗಿಯಾಗಿ ಕಟ್ಟಿ ಮಲಗಿದಳು. ಅಡಿಯಿಂದ ಗಾಳಿ ನುಗ್ಗಿ ಬೆನ್ನು ಮರಗಟ್ಟಿತು. ಬೆಳಗಾಗುವಷ್ಟರಲ್ಲಿ ಹಲ್ಲು ಕಟಕಟ, ಸೊಂಟ ಹಿಡಿದುಕೊಂಡಿತ್ತು.

ಹೊಳೆಗೆ ಹೋಗಿ ಮುಖ ತೊಳೆದು ಬಂದು ನೋಡುತ್ತಾಳೆ... ಜೋಲಿ ಇಲ್ಲ!

ಇಪ್ಪತ್ತು ಹೆಜ್ಜೆ ಆಚೆ ಒಬ್ಬ ಅವಳ ನೀಲಿ ಬಟ್ಟೆಯನ್ನು ಮಡಚುತ್ತಿದ್ದ.

"ಏಯ್! ಕಳ್ಳ! ಇಡೋ ಕೆಳಗೆ!"

ಅವನು ತಿರುಗಿದ. ರೀಸ್! ಬೆಳಗಿನ ವಾಕಿಂಗ್ ಬಂದವನು.

"ಅಂಗಡೀಲಿ ಮಾನ ಕಳೆದಿದ್ದು ಸಾಲದು ಅಂತ ಇಲ್ಲಿಗೂ ಬಂದ್ರಾ? ಯಾರು ಕೊಟ್ರು ನಿಮಗೆ ಅಧಿಕಾರ, ನನ್ನ ಜೋಲಿ ಬಿಚ್ಚೋಕೆ?"

ಅವನ ಮುಖ ಸುಣ್ಣದಂತಾಗಿತ್ತು. ಬೆರಳು ಎತ್ತಿ ತೋರಿಸಿದ.

ಬ್ರಿಯೊನಿ ಮೇಲೆ ನೋಡಿದಳು.

ಅವಳು ಮಲಗಿದ್ದ ಜಾಗದ ನೆತ್ತಿಗೆ ಸರಿಯಾಗಿ ಒಂದು ಒಣ ಕೊಂಬೆ. ಆಳಿನಷ್ಟು ದಪ್ಪ. ಬುಡದಲ್ಲಿ ಬಿರುಕು ಬಿಟ್ಟಿತ್ತು.



"ಎರಡು ವರ್ಷದ ಹಿಂದೆ ನಾನು, ಗೆಳೆಯ ಡಗಲ್ ಇಂಥದೇ ಮರದ ಕೆಳಗೆ ಮಲಗಿದ್ವಿ. ಗಾಳೀನೇ ಇರಲಿಲ್ಲ. ಸುಮ್ನೆ... ಬಿತ್ತು." ರೀಸ್ ಧ್ವನಿ ತಗ್ಗಿತು. "ಬದುಕಿದ. ಆದ್ರೆ ಇವತ್ತಿಗೂ ಕೋಲು ಹಿಡಿದೇ ನಡೀತಾನೆ. ಆ ಜಾಗ ಆರಿಸಿದ್ದು ನಾನು. ಆವತ್ತಿಂದ ನಾನು ಹೊರಗೆ ಮಲಗಿಲ್ಲ. ನಿಮ್ಮನ್ನ ಕೇಳದೆ ಮುಟ್ಟಿದ್ದು ತಪ್ಪು. ನೋಡಿದ ಕೂಡಲೇ ಕೈ ತಡೀಲಿಲ್ಲ..."

ಅವಳ ಕೋಪ ಎಲ್ಲಿಗೆ ಓಡಿತೋ! 

ನೀಲಿ ಜೋಲಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಎಂಬತ್ತೊಂಬತ್ತು," ಅಂದಳು.

"ಏನು?"

"ನನ್ನ ತೂಕ. ನಿಜವಾದ್ದು. ನಕ್ಕರೆ ಹೊಳೆಗೆ ನೂಕ್ತೀನಿ."

ರೀಸ್ ನಗಲಿಲ್ಲ. "ಹಾಗಾದ್ರೆ ಬೂದು ಬಣ್ಣದ್ದೇ ಸರಿ," ಅಂದ ಅಷ್ಟೆ. ಯಾರಾದರೂ ತನ್ನ ತೂಕವನ್ನು ಚಪ್ಪಲಿ ಅಳತೆಯಂತೆ ಸುಮ್ಮನೆ ಕೇಳಿಸಿಕೊಂಡದ್ದು ಬ್ರಿಯೊನಿಗೆ ಅದೇ ಮೊದಲು.

ನೊರೀನ್ ಅಜ್ಜಿ ಗೊಣಗುತ್ತಲೇ ನೀಲಿ ಜೋಲಿಯನ್ನು ವಾಪಸ್ ತೆಗೆದುಕೊಂಡಳು. ಒಂದು ರಾತ್ರಿ ಬಳಸಿದ್ದಕ್ಕೆ ಸ್ವಲ್ಪ ಮುರಿದುಕೊಂಡಳು, ಬಿಡುವವಳಲ್ಲ ಅವಳು. ಬೂದು ಜೋಲಿ ಬಂತು, ಮರದ ತೊಗಟೆಗೆ ನೋವಾಗದ ಅಗಲದ ಪಟ್ಟಿ ಬಂತು. ಆದರೆ ಜೋಲಿಯ ಕೆಳಗೆ ಕಟ್ಟುವ ಕೌದಿ ಹೊಸದು ಮುಟ್ಟುವಂತಿರಲಿಲ್ಲ, ಅಷ್ಟು ಬೆಲೆ.

"ಒಳಗೆ ಹಳೇದೊಂದು ಬಿದ್ದಿರಬೇಕು," ಅಂದ ರೀಸ್, ಎತ್ತಲೋ ನೋಡುತ್ತ. "ವಾರ ಬಿಟ್ಟು ಹುಡುಕಿಕೊಡ್ತೀನಿ. ನಲವತ್ತು ಕೊಡಿ."

ಆ ವಾರವೆಲ್ಲ ಸಂಜೆ ಅಂಗಡಿ ಹಿಂದಿನ ಹುಲ್ಲಿನಲ್ಲಿ ಪಾಠ ನಡೆಯಿತು.

"ಬಿಗಿಯಾಗಿ ಎಳೀಬೇಡಿ. ಸಡಿಲ ಬಿಡಿ, ನಗೋ ತುಟಿ ಥರ ಬಾಗಬೇಕು."

"ಹೀಗಾ?"

"ಹೂಂ. ಈಗ ನೆಟ್ಟಗೆ ಅಲ್ಲ, ಓರೆಯಾಗಿ ಮಲಗಿ. ಕಾಲು ಆ ಕಡೆ, ತಲೆ ಈ ಕಡೆ."

ಮಲಗಿದಳು. ಬೆನ್ನು ಸಮವಾಯಿತು. ಎಷ್ಟೋ ತಿಂಗಳ ಮೇಲೆ ಸೊಂಟದ ನೋವು ಸುಮ್ಮನಾಯಿತು. ಅವಳಿಗೇ ಗೊತ್ತಿಲ್ಲದೆ ಕಣ್ಣಂಚಿನಲ್ಲಿ ನೀರು.

"ನೋವಾಯ್ತಾ?" ರೀಸ್ ಗಾಬರಿಯಾದ.

"ಇಲ್ಲ... ನೋವಿಲ್ಲ. ಅದಕ್ಕೇ."

ಬೇಕರಿಯಿಂದ ಅವಳು ಅವನಿಗೆಂದು ಚಿಪ್ಪುಮೀನು ತುಂಬಿ ಸುಟ್ಟ ಸ್ಕಾಲಪ್ ಪೈ ಬಿಸಿಬಿಸಿಯಾಗಿ ತರತೊಡಗಿದಳು. ಅವನು ಬಾಯಿ ಸುಟ್ಟುಕೊಂಡು ತಿನ್ನತೊಡಗಿದ. 'ನೀವು' ಹೋಗಿ 'ನೀನು' ಬಂದದ್ದು ಯಾವ ಸಂಜೆ ಎಂದು ಇಬ್ಬರಿಗೂ ನೆನಪಿಲ್ಲ.

ಮಾತು ಕೊಟ್ಟಂತೆ ಕೌದಿಯೂ ಕೈಸೇರಿತು. ಎಲ್ಲ ಸರಿಯಾಗಿತ್ತು, ನಡಿಗೆಯ ಹಿಂದಿನ ಸಂಜೆ ನೊರೀನ್ ಅಜ್ಜಿ ಬಾಯಿ ಬಿಡುವ ತನಕ.

"ಕೌದಿ ಬೆಚ್ಚಗಿದೆ ತಾನೇ ಮಗಾ? ಹಳೇ ಸರಕಂತೆ! ನನ್ನ ಅಂಗಡೀಲಿ ಅಂಥದ್ದು ಇದ್ದಿದ್ದೇ ಇಲ್ಲ. ತನ್ನ ಸ್ವಂತ ಸ್ಲೀಪಿಂಗ್ ಬ್ಯಾಗ್ ಕತ್ತರಿಸಿ ವಾರವಿಡೀ ಕೂತು ಹೊಲಿದ ಆ ಪೆದ್ದ. ನೀನು ಕೊಟ್ಟ ನಲವತ್ತನ್ನೂ ತಾನಿಟ್ಕೊಳ್ಳದೆ ಆ ಅಗಲದ ಪಟ್ಟಿಯ ಬೆಲೆಗೇ ಹಾಕಿಸಿದಾನೆ."

ಬ್ರಿಯೊನಿ ಚೀಲದಿಂದ ಕೌದಿಯನ್ನು ಹೊರಗೆಳೆದಳು.

'ಅಂದ್ರೆ... ಕನಿಕರ. ಪಾಪ, ದುಡ್ಡಿಲ್ಲದ ದಪ್ಪ ಹುಡುಗಿ, ಅಂತ!'

ಒಳಗಿನಿಂದ ಬಂದ ರೀಸ್‌ನ ಎದುರಿಗೆ ಕೌದಿಯನ್ನು ಮೇಜಿನ ಮೇಲೆ ಇಟ್ಟಳು.

"ನನಗೆ ದಾನ ಬೇಡ, ರೀಸ್. ಪ್ರೀತಿಯಿಂದ ಕಲಿಸ್ತಿದೀಯ ಅಂದ್ಕೊಂಡಿದ್ದೆ. ನೀನೂ ಎಲ್ಲರ ಹಾಗೇ ಅಯ್ಯೋ ಪಾಪ ಅಂದೆ."

"ಬ್ರಿಯೊನಿ, ಕೇಳು... ನಾಳೆ ಬೆಟ್ಟದ ಮೇಲೆ ಮಂಜು ಬೀಳುತ್ತೆ! ಇದಿಲ್ದೆ ನಿನ್ನ ಬೆನ್ನು..."

"ನನ್ನ ಬೆನ್ನು ನಾನು ನೋಡ್ಕೋತೀನಿ!"

ಮನೆಗೆ ಹೋಗಿ ಗೋಡೆಗೆ ಒರಗಿ ಅತ್ತಳು. ಕೌದಿ ಇಲ್ಲದೆ ಒಂದು ರಾತ್ರಿಯೂ ತಡೆಯಲಾರಳೆಂದು ಅವಳಿಗೇ ಗೊತ್ತಿತ್ತು. ಆದರೂ ವಾಪಸ್ ಹೋಗಿ ಕೇಳಲು ಕಾಲು ಏಳಲಿಲ್ಲ.

ಬೆಳಿಗ್ಗೆ ಏಳಕ್ಕೆ ಬಸ್ಸು. ಎಂಟು ಜನ ಚೀಲ ಹೇರುತ್ತಿದ್ದರು. ಅಷ್ಟರಲ್ಲಿ ರಸ್ತೆಯ ತುದಿಯಿಂದ ಒಬ್ಬ ಓಡುತ್ತ ಬಂದ. ಕಂಕುಳಲ್ಲಿ ಕೌದಿ, ಕಾಲಲ್ಲಿ ಬೇರೆ ಬೇರೆ ಶೂ!

"ಬೈಯಿ, ಹೊಡಿ, ಆಮೇಲೆ. ಮೊದ್ಲು ಇದನ್ನ ತಗೋ," ಅಂದ ಏದುಸಿರು ಬಿಡುತ್ತ.

"ಬೇಡ ಅಂದ್ನಲ್ಲ."

"ಕನಿಕರ ಅಲ್ಲ ಕಣೇ! ಹಳೇದು ಅಂತ ಸುಳ್ಳು ಹೇಳಿದ್ದು ತಪ್ಪು, ಒಪ್ಕೊಂಡೆ. ನಿಜ ಹೇಳಿದ್ರೆ ನೀನು ಮುಟ್ತಾನೇ ಇರಲಿಲ್ಲ. ಆ ಬ್ಯಾಗು ಎರಡು ವರ್ಷ ಬೀರುವಲ್ಲಿ ಬಿದ್ದಿತ್ತು. ಡಗಲ್‌ಗೆ ಹಾಗಾದ ಮೇಲೆ ನಾನು ಅದನ್ನ ಮುಟ್ಟಿರಲಿಲ್ಲ. ನಿನಗೋಸ್ಕರ ತೆಗೆದೆ. ಹೊಲಿಯುವಾಗ ಮತ್ತೆ ಕಾಡಿಗೆ ಹೋಗಬೇಕು ಅನ್ನಿಸ್ತು... ನಿನ್ನ ಜೊತೆ." ಅವನ ಕಣ್ಣು ತುಂಬಿತ್ತು. "ನೀನು ಚಳಿಯಲ್ಲಿ ನಡುಗ್ತೀಯ ಅಂತ ನೆನೆಸ್ಕೊಂಡ್ರೆ ನನಗೆ ನಿದ್ದೆ ಬರಲ್ಲ. ಅದಕ್ಕೆ ಕನಿಕರ ಅಂತ ಹೆಸರಿಡ್ತೀಯಾ? ನನಗೆ ನಿನ್ನ ಮೇಲೆ ಪ್ರೀತಿ, ಬ್ರಿಯೊನಿ!"

ಬಸ್ಸಿನ ಹಾರ್ನ್ ಮೊಳಗಿತು. "ಅಮ್ಮಾ, ಹತ್ತುತ್ತೀಯೋ, ಇಲ್ಲೇ ಮದುವೆ ಆಗ್ತೀಯೋ?" ಡ್ರೈವರ್ ಕೂಗಿದ. ಒಳಗಿದ್ದವರೆಲ್ಲ ಹೋ ಎಂದರು.

ಬ್ರಿಯೊನಿ ಕೌದಿಯನ್ನು ಅವನ ಕೈಯಿಂದ ಕಿತ್ತುಕೊಂಡು, ಎದೆಗೆ ಅವುಚಿಕೊಂಡು ಬಸ್ಸು ಹತ್ತಿದಳು.

ಮೂರು ರಾತ್ರಿ. ಮೊದಲ ರಾತ್ರಿಯೇ ಮಂಜು ಬಿತ್ತು. ಪ್ರತಿ ಸಂಜೆ ಅವಳು ಮೊದಲು ಮೇಲೆ ನೋಡಿದಳು, ಒಣ ಕೊಂಬೆ ಇದ್ದ ಕಡೆ ಬೇರೆಯವರನ್ನೂ ಮಲಗಲು ಬಿಡಲಿಲ್ಲ. ಮುಖ್ಯ ಗೈಡ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಪ್ರತಿ ಬೆಳಿಗ್ಗೆ ಬ್ರಿಯೊನಿ ಎಲ್ಲರಿಗಿಂತ ಮುಂಚೆ ಎದ್ದು ಚಹಾ ಕಾಯಿಸಿದಳು. ಕೌದಿಯ ಅಂಚಿನ ಸೊಟ್ಟಪಟ್ಟ ಹೊಲಿಗೆಯನ್ನು ಬೆರಳಿನಿಂದ ಎಷ್ಟು ಸಲ ಸವರಿದಳೋ.

ನಾಲ್ಕನೇ ದಿನ ಮಧ್ಯಾಹ್ನ ಕಾಡು ಮುಗಿಯುವ ಕಡೆ ರೀಸ್ ನಿಂತಿದ್ದ. ಪಕ್ಕದಲ್ಲಿ ಚಹಾ ಫ್ಲಾಸ್ಕು, ಪೈ ಪೊಟ್ಟಣ. ಮುಖದಲ್ಲಿ ಪ್ರಾಣವೇ ಇರಲಿಲ್ಲ.

ಅವಳು ನೆಟ್ಟಗೆ ನಡೆದು ಬಂದಳು. ಸೊಂಟ ಹಿಡಿಯದೆ, ಕುಂಟದೆ.

"ಕೆಲಸ ಸಿಕ್ತು!"

"ನಿಜ?"

"ಈ ಬೇಸಿಗೆಯಿಂದಲೇ! ಇನ್ನು ಮೈದಾ ಮೂಟೆ ಇಲ್ಲ!"

ಅವನು ಖುಷಿಗೆ ಕೂಗಿದ. ಆಮೇಲೆ ಬಸ್ಸಿನ ಹತ್ತಿರ ಆಡಿದ ಮಾತು ನೆನಪಾಗಿ, ಎರಡು ಮರದ ನಡುವೆ ನಿಂತು ತಲೆ ಎತ್ತಿ ಕೊಂಬೆಗಳನ್ನೇ ನೋಡತೊಡಗಿದ.

"ಏನು ನೋಡ್ತಿದೀಯ?"

"ಕೊಂಬೆ... ಒಣಗಿದೆಯಾ ಅಂತ..."

"ನಾನು ನೋಡಾಯ್ತು, ಎಲ್ಲ ಹಸಿ ಇದೆ. ಮೇಲೆ ನೋಡಿದ್ದು ಸಾಕು ರೀಸ್. ಈಗ ನನ್ನ ನೋಡು."

ಅವನು ನೋಡಿದ.

"ನನಗೂ ನಿನ್ನ ಮೇಲೆ ಪ್ರೀತಿ," ಅಂದಳು ಬ್ರಿಯೊನಿ. "ಮೂರು ರಾತ್ರಿ ನಿನ್ನ ಹೊಲಿಗೆ ಮೇಲೇ ಮಲಗಿದ್ದೆ. ಕನಿಕರ ಅಷ್ಟು ಬೆಚ್ಚಗಿರಲ್ಲ, ನನಗೆ ಗೊತ್ತಾಯ್ತು."

ಅವಳು ಚೀಲದಿಂದ ಬೂದು ಜೋಲಿ ತೆಗೆದು ಆ ಎರಡು ಮರಕ್ಕೆ ಕಟ್ಟಿದಳು, ಸಡಿಲವಾಗಿ, ನಗುವ ತುಟಿಯಂತೆ. ಕೂತಳು. ಪಕ್ಕದ ಜಾಗ ತಟ್ಟಿ, ತಟ್ಟನೆ ಕೈ ಅಡ್ಡ ಹಿಡಿದಳು.

"ತಾಳು. ನಿನ್ನ ತೂಕ ಎಷ್ಟು?"

ರೀಸ್ ಗಲ್ಲ ಎತ್ತಿದ. "ಎಪ್ಪತ್ತು!"

"ಸುಳ್ಳ!"

"ಎಂಬತ್ತನಾಲ್ಕು."

ಅವಳು ಬೆರಳೆಣಿಸಿ, ನಕ್ಕು, ಕೈ ತೆಗೆದಳು.

"ಇಬ್ಬರನ್ನೂ ತಡೆಯುತ್ತೆ. ಬಾ."