ಹದಿನೆಂಟನೆಯ ಆಮೆನ್

ಯಾರಿಗೆ ಹೇಳಿದರೂ ಇಲಿ ಇರಬೇಕು ಎನ್ನುತ್ತಾರೆ. ಇರಲಿ.

ಎಪ್ಪತ್ತೊಂಬತ್ತರ ಮೇ ತಿಂಗಳು. ತಿಪಟೂರಿನ ನಮ್ಮ ಚರ್ಚಿನ ಯೌವನಸ್ಥರ ಶಿಬಿರ ಅರಳಗುಪ್ಪೆ ಹತ್ತಿರ ಬೋರಯ್ಯನವರ ತೋಟದ ಮನೆಯಲ್ಲಿ ನಡೆಯಿತು. ನನಗೆ ಹದಿನೈದು. ಅಣ್ಣ ಮನೆ ಬಿಟ್ಟು ಹೋಗಿ ಆಗಲೇ ವರ್ಷವಾಗಿತ್ತು.

ಊಟವಾದ ಮೇಲೆ ಹದಿನೆಂಟು ಮಂದಿ ತೆಂಗಿನಕಾಯಿ ಒಣಗಿಸುವ ಅಟ್ಟದ ಕೆಳಗೆ ದುಂಡಗೆ ಕುಳಿತೆವು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಹೊರಗೆ ಸುಡುವ ಸೆಕೆ. ನಾವು ಕೂತ ನೆಲ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಒಬ್ಬೊಬ್ಬರೂ ಒಂದೇ ಮಾತಿನಲ್ಲಿ ಪ್ರಾರ್ಥಿಸಬೇಕು. ಮೊದಲನೆಯವಳು ಆಮೆನ್ ಎಂದಳು. ಮೇಲೆ ಕಾಯಿಯೊಳಗೆ ಒಣಕೊಬ್ಬರಿ ಅಲ್ಲಾಡಿದಂತೆ ಲೊಡಲೊಡ ಸದ್ದಾಯಿತು. ಎರಡನೆಯವನ ಆಮೆನ್‌ಗೂ ಹಾಗೆಯೇ.

"ಇಲಿ ಕಣ್ರೋ, ಕೊಬ್ಬರಿ ಉರುಳಿಸ್ತಾವೆ," ಎಂದು ಶಿಬಿರ ನಡೆಸುತ್ತಿದ್ದ ಸುಗುಣಕ್ಕ ನಕ್ಕರು.

ಹದಿನೇಳು ಆಮೆನ್, ಹದಿನೇಳು ಸಲ ಸದ್ದು. ಜೋಗುಳ ಕೇಳಿದಂತೆ ಕಣ್ಣು ಎಳೆಯುತ್ತಿತ್ತು. ಕೊನೆಗೆ ನಾನು, "ಅಣ್ಣ ಮನೆಗೆ ಬರಲಿ, ಆಮೆನ್," ಎಂದೆ.

ಸದ್ದಿಲ್ಲ. ಎಲ್ಲರೂ ತಲೆಯೆತ್ತಿ ಕಾದರು. ಇನ್ನೊಮ್ಮೆ ಹೇಳಿದೆ. ಏನೂ ಇಲ್ಲ.

ಸಂಜೆ ಬೋರಯ್ಯನವರಿಗೆ ಇಲಿ ಕಾಟದ ವಿಷಯ ಹೇಳಿದೆವು.

"ಒಣಕೊಬ್ಬರಿ ಎಲ್ಲೈತವ್ವ? ಹೋದ ವಾರ ಕಾಯಿ ಏರ್ಸಿದ್ದು. ಲೊಡಲೊಡ ಅನ್ನಕೆ ಇನ್ನೂ ಒಂದು ವರ್ಷ ಬೇಕು," ಎನ್ನುತ್ತ ಅವರು ಅಟ್ಟ ಹತ್ತಿ, ನಾಲ್ಕೈದು ಕಾಯಿ ಎತ್ತಿ ಅಲ್ಲಾಡಿಸಿದರು. ಎಲ್ಲದರಲ್ಲೂ ನೀರು ತುಳುಕಿತು.

ಸುಗುಣಕ್ಕ ಈ ಸಲ ನಗಲಿಲ್ಲ. ನನ್ನ ಕೈ ಹಿಡಿದುಕೊಂಡರು.

ಅಣ್ಣ ಇವತ್ತಿಗೂ ಬಂದಿಲ್ಲ.