ಕುಸಿಯದ ಇಳಿಜಾರು

"ಇಲ್ಲಿಂದ ಮುಂದೆ ಬೇಡ."

ಹಿಮದಲ್ಲಿ ಎದೆಯಾಳದ ಗುಂಡಿ ತೋಡಿ, ಸಲಿಕೆ ಹಿಡಿದು ನಿಂತಿದ್ದ ಬುರ್ಗಿ ತಲೆ ಎತ್ತದೆ ಹೇಳಿದಳು.

ಗುಂಡಿಯ ಅಂಚಿನಲ್ಲಿ ಸ್ಕೀ ಕಟ್ಟಿಕೊಂಡು ನಿಂತಿದ್ದವನು ವೆಂಡೆಲಿನ್. ಈ ಚಳಿಗಾಲಕ್ಕೆ ಪಕ್ಕದ ಕಣಿವೆಯಿಂದ ಬಂದ ಗೈಡ್. ಅವನ ಹಿಂದೆ ನಗರದ ಅತಿಥಿಗಳ ಸಾಲು.

"ಬೇಡ ಅನ್ನೋಕೆ ನೀನ್ಯಾರು?"

ಆಸ್ಟ್ರಿಯಾದ ಟಿರೋಲಿನ ಬೆಟ್ಟಗಳಲ್ಲಿ ಮರಗಳು ಮುಗಿದ ಮೇಲೆ ಯಾರೂ ಯಾರಿಗೂ 'ನೀವು' ಅನ್ನುವುದಿಲ್ಲ. ಹೊಸಬರಿಗೆ ಹೇಳುವ ಬಹುವಚನವೆಲ್ಲ ಕೆಳಗೆ, ಊರಿನಲ್ಲಿ. ಆದರೂ ಅವನ 'ನೀನು' ಅವಳ ಕೆನ್ನೆಯನ್ನು ಬಿಸಿ ಮಾಡಿತು.

"ಬುರ್ಗಿ. ಊರಿನ ಹಿಮಕುಸಿತ ಸಮಿತಿಯವಳು."

"ಸಮಿತಿಯಲ್ಲಿ ಹೆಂಗಸರೂ ಇದ್ದಾರಾ?"

"ಒಬ್ಬಳಿದ್ದೀನಿ, ಸಾಕಲ್ವಾ? ಇಳಿದು ಬಾ, ತೋರಿಸ್ತೀನಿ."

ಅವನು ಇಳಿದ. ಗುಂಡಿಯ ಗೋಡೆಯಲ್ಲಿ ಅವಳು ಹಿಮದ ಕಂಬವೊಂದನ್ನು ಕಡಿದು ಬಿಡಿಸಿದ್ದಳು. ಅದರ ತಲೆಯ ಮೇಲೆ ಸಲಿಕೆಯಿಟ್ಟು ಬೆರಳ ತುದಿಯಿಂದ ತಟ್ಟಿದಳು. ಕೆಲವೇ ತಟ್ಟು... ಮೇಲಿನ ಗಟ್ಟಿ ಹಿಮ ಹಲಗೆಯಂತೆ ಜಾರಿ ಇಬ್ಬರ ಕಾಲಬಳಿ ಬಿತ್ತು. ಅದರಡಿ ಇದ್ದದ್ದು ಭಾರ ತಾಳದೆ ಸಕ್ಕರೆಯಂತೆ ಉದುರುವ ಹರಳು.

ವೆಂಡೆಲಿನ್ ಒಂದು ಹಿಡಿ ಹರಳು ಎತ್ತಿ ನೋಡಿದ. ಆಮೇಲೆ ಅವಳನ್ನು ನೋಡಿದ... ಸ್ವಲ್ಪ ಹೆಚ್ಚೇ ಹೊತ್ತು.

"ಎಲ್ಲರೂ ತಿರುಗಿ. ವಾಪಸ್ ಹೋಗೋಣ."

"ಇಷ್ಟು ಒಳ್ಳೆ ಬಿಸಿಲಿರೋವಾಗಲಾ?" ಅತಿಥಿಗಳು ಗೊಣಗುತ್ತಲೇ ಇಳಿದರು.

ಬುರ್ಗಿ ಅಲ್ಲಿ 'ಮುಚ್ಚಿದೆ' ಎಂಬ ಬೋರ್ಡು ನೆಟ್ಟಳು.

ವಾರವಿಡೀ ಬಿಸಿಲು. ಇಳಿಜಾರು ಅಲುಗಲಿಲ್ಲ. ಊರು ನಗತೊಡಗಿತು.

"ಬುರ್ಗಿ, ನಿನ್ನ ಹಿಮಕುಸಿತ ಎಲ್ಲಿ?"

"ಪಾಪ, ಅದಕ್ಕೆ ಬಸ್ಸು ಸಿಕ್ಕಿರಲಿಕ್ಕಿಲ್ಲ."

ಆ ನಗುವನ್ನು ಅವಳು ಸಹಿಸಿಕೊಂಡಳು. ಸಹಿಸಲಾಗದ್ದು ಬೇಕರಿಯ ಬಾಗಿಲಲ್ಲಿ ಸಿಕ್ಕ ವೆಂಡೆಲಿನ್‌ನ ಮಾತು. ಟೋಪಿ ಮುಟ್ಟಿ, "ಹೇಗಿದ್ದೀರಿ?" ಎಂದಷ್ಟೇ ಕೇಳಿ ಹೊರಟುಹೋದ.

ಹೇಗಿದ್ದೀರಿ... ಅತಿಥಿಗಳು ಇವನನ್ನು ಬಿಟ್ಟು ಹೋದರಂತೆ. ನನ್ನಿಂದಲೇ ಅಲ್ಲವೇ? ಅದಕ್ಕೇ ಈ ಬಹುವಚನ. ದೂರ ಇಡುವುದಕ್ಕೆ.

ಭಾನುವಾರ ಚರ್ಚ್ ಮುಗಿದ ಮೇಲೆ ಕ್ವಿರಿನನ ಹೋಟೆಲಿನಲ್ಲಿ ಸಮಿತಿ ಸೇರಿತು. ಕ್ವಿರಿನನೇ ಅಧ್ಯಕ್ಷ.

"ನನ್ನ ರೂಮೆಲ್ಲ ಖಾಲಿ ಹೊಡೀತಿದೆ ಮಾರಾಯ್ತಿ. ಬೋರ್ಡು ತೆಗೀತೀಯೋ, ಸಮಿತಿ ಬಿಡ್ತೀಯೋ?"

ಆಗಲೇ ವೆಂಡೆಲಿನ್ ಒಳಗೆ ಬಂದ. ದೂರು ಕೊಡಲು ಬಂದಿದ್ದಾನೆ ಎಂದುಕೊಂಡಳು ಬುರ್ಗಿ. ಆದರೂ ಬೆನ್ನು ಬಾಗಲಿಲ್ಲ.

"ತೆಗೆಯಲ್ಲ. ಇವತ್ತು ಬೆಳಿಗ್ಗೆಯೂ ಅಗೆದು ನೋಡಿದೆ. ಆ ಹರಳು ಇನ್ನೂ ಅಲ್ಲೇ ಇದೆ. ಸಮಿತಿಯಿಂದ ತೆಗೆದುಹಾಕಿದ್ರೂ ನನ್ನ ಮಾತು ಅದೇ."

"ಗೈಡ್, ನೀವಾದ್ರೂ ಬುದ್ಧಿ ಹೇಳಿ. ನಷ್ಟ ಆಗಿದ್ದು ನಿಮಗೇ ತಾನೆ?" ಕ್ವಿರಿನ್ ವೆಂಡೆಲಿನ್ ಕಡೆ ತಿರುಗಿದ.

"ಇಳಿಜಾರು ಯಾಕೆ ಕುಸೀಲಿಲ್ಲ ಅಂತ ತಾನೆ ನಿಮ್ಮೆಲ್ಲರ ತಮಾಷೆ?" ವೆಂಡೆಲಿನ್ ಟೋಪಿ ತೆಗೆದ. "ನಾವು ಅದರ ಮೇಲೆ ಕಾಲಿಡಲಿಲ್ಲ, ಅದಕ್ಕೆ. ಇವರ ಬೋರ್ಡು ನೀವು ಕಿತ್ತು ಹಾಕಿದ್ರೆ ನಾನೇ ಹೋಗಿ ಮತ್ತೆ ನೆಡ್ತೀನಿ."

ಕ್ವಿರಿನ್ ಗಡ್ಡ ಕೆರೆದುಕೊಂಡ.

"ಇರಲಿ ಬಿಡಿ ಬೋರ್ಡು. ಸೂಪು ಆರ್ತಿದೆ."

ಬುರ್ಗಿ ಹೊರಗೆ ಅವನನ್ನು ತಡೆದಳು.

"ಒಳಗೂ ನನ್ನನ್ನ 'ಇವರು' ಅಂದಿರಿ. ಅಷ್ಟು ದೂರದವಳಾ ನಾನು?"

"'ನೀನು' ಅನ್ನೋದು ಮೇಲೆ ಬೆಟ್ಟ ಕೊಟ್ಟಿದ್ದ ಸಲಿಗೆ. ಇಲ್ಲಿ ನೀವೇ ಕೊಡಬೇಕು. ಕೇಳೋಕೆ ಧೈರ್ಯ ಬರಲಿಲ್ಲ... ಬೇಡ ಅಂದುಬಿಟ್ರೆ?"

"ಬೇಡ ಅನ್ನೋದು ನನ್ನ ಕೆಲಸ. ಎಲ್ಲದಕ್ಕೂ ಅನ್ನಲ್ಲ."

ಅವನ ಕಣ್ಣು ಅರಳಿತು.

"ಹಾಗಾದ್ರೆ... ಬುರ್ಗಿ, ನಿನ್ನ ಜೊತೆ ಬರಲಾ?"

ನಡುಬೀದಿಯಲ್ಲಿ, ಹೋಟೆಲಿನ ಕಿಟಕಿಗಳಿಂದ ಊರೇ ಇಣುಕುತ್ತಿದ್ದಾಗ, ಅವಳು ತಲೆ ಎತ್ತಿ ಅವನ ತೋಳು ಹಿಡಿದಳು.

"ನಾಳೆಯಾದ್ರೂ ಆ ಇಳಿಜಾರು ತೆರೀತೀಯಾ?" ಅವನು ಕೇಳಿದ.

"ಇಲ್ಲ."

"ನಾನು ಕೇಳಿದ್ರೂ?"

"ನೀನು ಕೇಳಿದ್ರಂತೂ ಇಲ್ಲ."

ಅವನು ಅವಳ ಕೈಯನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡ.

"ಅದಕ್ಕೇ ನೀನು ನಂಗೆ ಬೇಕು."