ಹೆಸರಿಲ್ಲದ ಮೆಮೊರಿ

ಒಂದೂರಲ್ಲಿ ಒಬ್ಬ ರಾಜನಿದ್ದನಂತೆ. ಅವನು ಮಲಗಿದ್ದಾಗ ಕಳ್ಳನೊಬ್ಬ ಬಂದು ನೆನಪನ್ನು ಕದ್ದು, ಆ ಜಾಗಕ್ಕೆ ಹುಲ್ಲು ತುರುಕಿ ಹೋದನಂತೆ. ಎದ್ದ ರಾಜ ನೋಡಲು ಹಾಗೇ ಇದ್ದ. ಬಾಯಿ ತೆರೆದರೆ ಮಾತ್ರ ಅರ್ಧ ಮಾತಿಗೆ ನಿಂತುಬಿಡುತ್ತಿದ್ದ.

ಇದು ನನ್ನಜ್ಜಿ ಬೀರಮ್ಮನ ಕತೆ. ೨೦೦೧ರ ದಸರಾ ಕಳೆದ ಮೇಲೆ ಹೆಗ್ಗಡದೇವನಕೋಟೆಯ ರುದ್ರಸ್ವಾಮಿಯವರ ಡಿಟಿಪಿ ಅಂಗಡಿಯ ಕಂಪ್ಯೂಟರಿಗೂ ಹೀಗೇ ಆಯಿತು. ಅಜ್ಜಿಯ ಕತೆಗಳೆಲ್ಲ ಪುಸ್ತಕವಾಗಲೆಂದು ಅದರೊಳಗೇ ಕೂತಿದ್ದವು. ಪುಸ್ತಕ ಕೈಗಿಡುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ಫೈಲು ತೆರೆದರೆ ಪರದೆ ನೀಲಿಯಾಗಿ ನಿಲ್ಲುತ್ತಿತ್ತು. ಬೀಚನಹಳ್ಳಿಯಿಂದ ಅವ್ವನ ಫೋನು: "ಅಜ್ಜೀಗೆ ಗಂಜೀನೂ ಇಳೀತಿಲ್ಲ ಕಣವ್ವ. 'ಪುಸ್ತಕ ಬಂತಾ' ಅಂತ ಬಾಗಿಲೇ ನೋಡ್ತದೆ."

ನಾನು ಅಳುತ್ತ ಮಹಡಿ ಮೆಟ್ಟಿಲು ಹತ್ತಿದೆ. ಅಲ್ಲಿ ಟೈಪಿಂಗ್ ಕಲಿಸುವ ಪ್ರಮೀಳಕ್ಕನ ಮನೆ. ಊರಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮುಂಚೆ ಅವರ ಬಾಗಿಲು ಬಡಿಯುತ್ತಿದ್ದರು. ಅವರ ಪತ್ತೇದಾರಿಕೆಗೆಲ್ಲ ನಾನೇ ಜೊತೆ.

ನಾವು ಕೆಳಗಿಳಿಯುವಷ್ಟರಲ್ಲಿ ಹುಣಸೂರಿನ ರಿಪೇರಿ ಶಶಿ ಕಂಪ್ಯೂಟರಿನ ಡಬ್ಬ ಬಿಚ್ಚಿ, ಗೇಣಿಗೂ ಚಿಕ್ಕದಾದ ಹಸಿರು ಪಟ್ಟಿಯೊಂದನ್ನು ಹಿಡಿದಿದ್ದ.

"ಇರೋದೊಂದೇ ಮೆಮೊರಿ. ಇದ್ರ ಮೇಲೆ ಕಂಪನಿ ಹೆಸ್ರೇ ಇಲ್ಲ ಸಾರ್."

ರುದ್ರಸ್ವಾಮಿಯವರು ಆಪರೇಟರ್ ವಸಂತನತ್ತ ತಿರುಗಿದರು. "ಕಂಪನೀದೇ ತಂದೆ ಅಂದ್ಯಲ್ಲೋ! ನಡಿ ಆಚೆಗೆ."

"ನಮ್ಮಪ್ಪನಾಣೆ ಸಾರ್, ಮೈಸೂರಿಂದ ನಾನು ತಂದಿದ್ದು ಇದಲ್ಲ."

ಇನ್ನೊಂದು ತರಿಸೋಣ ಎಂದು ಬೇಡಿಕೊಂಡೆ. "ಮತ್ತೆ ಮೋಸ ಹೋಗ್ಲಾ? ಮೊದ್ಲು ನಂದೆಲ್ಲೋಯ್ತು ಗೊತ್ತಾಗ್ಲಿ," ಎಂದರು ರುದ್ರಸ್ವಾಮಿಯವರು.

ಹಬ್ಬಕ್ಕೆ ಮುಂಚೆ ಇದೇ ಅಂಗಡಿಯಲ್ಲಿ ದೊಡ್ಡ ವಾದ ನಡೆದಿತ್ತು. ಪುಸ್ತಕ ಬೆಳೆದು ಹಳೆಯ ಮೆಮೊರಿ ಸಾಲದಾದಾಗ, ಅಂತರಸಂತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ರುದ್ರಸ್ವಾಮಿಯವರ ಬಾಮೈದ ಕಂಠಪ್ಪ, "ಹೆಸರಿಗ್ಯಾಕೆ ದುಡ್ಡು ಸುರೀತೀರಿ ಭಾವ? ನಾನು ಹೆಸರಿಲ್ಲದ ಅಗ್ಗದ್ದೇ ಹಾಕ್ಸೀನಿ. ಕುದುರೆ ಓಡ್ದಂಗೆ ಓಡ್ತದೆ," ಎಂದಿದ್ದ. "ಅದು ನಡುದಾರೀಲಿ ಕೈ ಕೊಡುತ್ತೆ ಸಾರ್," ಎಂದ ವಸಂತನ ಮಾತೇ ಗೆದ್ದಿತ್ತು.

"ಆಯುಧಪೂಜೆ ದಿನದ್ದು ಹೇಳು ರಮ್ಯಾ. ಅಜ್ಜಿ ಕತೆ ಹೇಳೋ ಥರ, ಏನೂ ಬಿಡದೆ," ಎಂದರು ಪ್ರಮೀಳಕ್ಕ.

ಹೇಳಿದೆ. ರುದ್ರಸ್ವಾಮಿಯವರು ಡಬ್ಬ ಬಿಚ್ಚಿಸಿ, ಹರಳೆಣ್ಣೆಯಲ್ಲಿ ಕಲೆಸಿದ ಕುಂಕುಮವನ್ನು ಒಳಗಿನ ಒಂದೊಂದಕ್ಕೂ ಇಟ್ಟಿದ್ದರು. "ಪಿನ್ನಿಗೆ ತಾಗಿಸ್ಬೇಡಿ ಸಾರ್!" ಎಂದು ವಸಂತ ಬಾಯಿ ಬಾಯಿ ಬಡಿದುಕೊಂಡಿದ್ದ. "ಮೆಮೊರಿಗೆ ಹಣೆ ಯಾವ್ ಕಡೆ ಸಾರ್?" ಎಂದು ತಟ್ಟೆ ಹಿಡಿದ ಶಶಿ ನಕ್ಕಿದ್ದ. ಕಂಠಪ್ಪ ಮಾತ್ರ ಕ್ಯಾಮೆರಾ ಹೊತ್ತು ಮೈಸೂರಿಗೆ ಹೋಗಿದ್ದ. ಹಬ್ಬ ಕಳೆದ ಮೇಲೆ ಶಶಿ ಒಬ್ಬನೇ ಕೂತು ಪ್ರಿಂಟರ್ ರಿಪೇರಿ ಮಾಡಿದ್ದ. ಕಂಠಪ್ಪನೂ ಏನೋ ಕೆಲಸವೆಂದು ಅಂಗಡಿಯ ಬೀಗದ ಕೈ ಇಸಕೊಂಡಿದ್ದ.

ಪ್ರಮೀಳಕ್ಕ ಟಾರ್ಚ್ ಬಿಟ್ಟು ಡಬ್ಬದೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕಂಠಪ್ಪನಿಗೆ ಫೋನು ಮಾಡಿದರು. "ನಿಮ್ಮ ಕಂಪ್ಯೂಟರ್ ಕುದುರೆ ಹಂಗೆ ಓಡುತ್ತಂತಲ್ಲ, ತಗೊಂಡು ಬನ್ನಿ. ಪುಸ್ತಕಾನ ಅದರಲ್ಲೇ ತೆಗೆಯೋಣ."

ಮರುದಿನ ಬೆಳಿಗ್ಗೆ ಕಂಠಪ್ಪ ಆಟೋದಲ್ಲಿ ಕಂಪ್ಯೂಟರ್ ಹೇರಿಕೊಂಡು ಬಂದ. ವಸಂತನನ್ನೂ ಕರೆಸಿದರು. ಎಲ್ಲರೂ ಕೂತ ಮೇಲೆ ಪ್ರಮೀಳಕ್ಕ ಶುರುಮಾಡಿದರು.

"ಫ್ಯಾನಿಗೆ ಬೊಟ್ಟಿದೆ, ಹಾರ್ಡ್‌ಡಿಸ್ಕಿಗೂ ಇದೆ. ಈ ಮೆಮೊರಿಗೆ ಇಲ್ಲ. ಅಂದಮೇಲೆ ಪೂಜೆ ದಿನ ಇಲ್ಲಿದ್ದದ್ದು ಇದಲ್ಲ. ವಸಂತ ತಂದದ್ದೂ ಇದಲ್ಲ."

"ಯಾರೋ ಒರೆಸಿರಬೌದು," ಎಂದ ಕಂಠಪ್ಪ.

"ಎಣ್ಣೆ ಕುಂಕುಮ ಈ ಸಂದಿಗಳಿಂದ ಅಷ್ಟು ಸುಲಭಕ್ಕೆ ಹೋಗುತ್ತಾ? ಯಾರೋ ಬದಲಾಯಿಸಿದ್ದಾರೆ. ಶಶಿಯೋ ವಸಂತನೋ ಆಗಿದ್ದರೆ ಇದಕ್ಕೂ ಒಂದು ಬೊಟ್ಟಿಡುತ್ತಿದ್ದರು. ಇಬ್ಬರೂ ಪೂಜೆ ನೋಡಿದವರು. ಒಳಗೆ ಬರಲು ಕೀಲಿ ಸಿಕ್ಕಿ, ಬೊಟ್ಟಿನ ಸುದ್ದಿ ಮಾತ್ರ ಗೊತ್ತಿಲ್ಲದವರು ಒಬ್ಬರೇ. ಶಶಿ, ಕಂಠಪ್ಪನೋರ ಡಬ್ಬ ಬಿಚ್ಚು."

ಶಶಿ ಬಿಚ್ಚಿದ. ಹೊರಬಂದ ಮೆಮೊರಿಯ ಬೆನ್ನ ಮೇಲೆ ಕುಂಕುಮ ಕೆಂಪಗೆ ಕೂತಿತ್ತು.

ಕಂಠಪ್ಪ ತಲೆ ತಗ್ಗಿಸಿದ. "ಮೈಸೂರಿನ ಅಂಗಡಿಯೋರು ಹಾಕಿದ ಗುರ್ತು ಅಂದ್ಕೊಂಡೆ ಭಾವ. ನಂದು ಗಳಿಗೆಗೊಂದ್ಸಲ ನಿಂತೋಗ್ತಿತ್ತು. ಅಷ್ಟು ಜಂಬ ಕೊಚ್ಕೊಂಡು, ಕೆಟ್ಟೋಯ್ತು ಅಂತ ನಿಮ್ಮುಂದೆ ಎಂಗೇಳ್ಲಿ?"

"ಥೂ ನಿನ್ನ! ಅಲ್ಲಿ ಆ ಮುದುಕಿ ಜೀವ ಹಿಡ್ಕೊಂಡದೆ ಕಣ್ಲಾ," ಎಂದರು ರುದ್ರಸ್ವಾಮಿಯವರು. ಆಮೇಲೆ ತಾವೇ ಕುರ್ಚಿ ಎಳೆದರು. "ಕೂತ್ಕೊಳೋ ವಸಂತ. ತಪ್ಪಾಯ್ತು."

ಬೊಟ್ಟಿನ ಮೆಮೊರಿ ತನ್ನ ಜಾಗಕ್ಕೆ ಮರಳಿತು. ಫೈಲು ತೆರೆಯಿತು. ಪ್ರಿಂಟರ್ ಒಂದೊಂದೇ ಹಾಳೆ ಉಗುಳುವಾಗ ನನಗೆ ಪ್ರತಿ ಹಾಳೆಗೂ ಅಜ್ಜಿಯ ಒಂದು ಉಸಿರು ಖರ್ಚಾದಂತೆ ಅನಿಸುತ್ತಿತ್ತು. ಹೊಲಿಗೆ ಹಾಕಿದ ಪುಸ್ತಕವನ್ನು ಎದೆಗವಚಿಕೊಂಡು ಬಸ್ ಹತ್ತಿದೆ.

ಅಜ್ಜಿ ಕಣ್ಣು ತೆರೆದಳು. ನಡೆದದ್ದನ್ನೆಲ್ಲ ಹೇಳಿದೆ. ಕುಂಕುಮದ ಮಾತಿಗೆ ಅವಳ ತುಟಿಯಂಚು ಅಲುಗಿತು.

"ರಾಜಂಗೆ ನೆನಪು ಬಂತಾ?"

"ಬಂತಜ್ಜಿ."

ಪುಸ್ತಕವನ್ನು ಅವಳ ಕೈಗಿಟ್ಟೆ. ಓದು ಬಾರದ ಅಜ್ಜಿ ರಟ್ಟನ್ನು ಮಗುವಿನ ಬೆನ್ನಿನಂತೆ ಸವರಿದಳು.

"ಇದಕ್ಕೂ ಒಂದ್ ಬೊಟ್ಟಿಡವ್ವ," ಎಂದಳು. "ಯಾವನಾರ ಎತ್ಕೊಂಡೋದ್ರೆ ಗುರ್ತು ಸಿಗ್ಲಿ."

ಇಟ್ಟೆ.